ಮಾತು ಕೇಳಿಸುವ ಕಾರು

ಕೊಹೀರ್ ಕ್ರಾಸಿನ ಚಹಾ ಹೋಟೆಲಿನ ಮುಂದೆ ಎರಡು ಹಳೆಯ ವಿದೇಶಿ ಕಾರುಗಳು ಬಂದು ನಿಂತವು. ಎರಡೂ ದೂರದ ಪಯಣಕ್ಕೆಂದೇ ಯುರೋಪಿನಲ್ಲಿ ತಯಾರಾದ, ಎರಡೇ ಬಾಗಿಲಿನ ಚೆಲುವೆಯರು. ಇಟಲಿಯ ಕೆಂಪು ಕಾರು ಜಿಗಿಯಲು ಕಾದಂತಿತ್ತು. ಜರ್ಮನಿಯ ಬೂದು ಕಾರಿನದು ಗಂಭೀರ ನಿಲುವು. ನಾನು ಚಹಾ ಮರೆತು ನೋಡುತ್ತ ನಿಂತೆ. ಕೆಂಪು ಕಾರಿನಿಂದ ಕಪ್ಪು ಕನ್ನಡಕದ ಹಿರಿಯರೊಬ್ಬರು ಇಳಿದು, ಅಂಗೈಯಿಂದ ಅದರ ಬಾನೆಟ್ಟನ್ನು ಸವರಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಓಡಿಸುತ್ತಿದ್ದವರು ಅವರ ಹೆಂಡತಿ. ಬೀದರಿನಿಂದ ಜಹೀರಾಬಾದಿನವರೆಗೆ ಬೂದು ಕಾರಿನಲ್ಲಿ, ಅಲ್ಲಿಂದ ಕೆಂಪು ಕಾರಿನಲ್ಲಿ ಅವರೇ ಗಂಡನನ್ನು ಕರೆತಂದಿದ್ದರು. ಇನ್ನೊಂದನ್ನು ಆಕೆಯ ತಮ್ಮ ತರುತ್ತಿದ್ದ. ಎರಡನ್ನೂ ನೋಡಿಕೊಳ್ಳುವುದು ಕಷ್ಟವಾಗಿ, ಒಂದನ್ನು ಹೈದರಾಬಾದಿನಲ್ಲಿ ಹಳೆಯ ಕಾರುಗಳ ಸಂಗ್ರಾಹಕರೊಬ್ಬರಿಗೆ ಒಪ್ಪಿಸಬೇಕಿತ್ತಂತೆ; ಯಾವುದನ್ನೆಂದು ತೀರ್ಮಾನಿಸಲು ಎರಡರಲ್ಲೂ ಕೂತು ನೋಡುತ್ತಿದ್ದರು.

“ಯಾವುದು ಇಟ್ಕೋಬೇಕ್ರಿ? ಕೆಂಪು ಗಾಡಿ ಅಂದ್ರ ನಿಮಗ ಜೀವ ಅಲ್ಲಾ?” ಎಂದು ಹೆಂಡತಿ ಕೇಳಿದರು.

“ಅದರ ಇಂಜಿನ್ ಏನ್ ಹಾಡತದ! ಖರೇನ ರಾಜಾ ಗಾಡಿ. ಆದ್ರ ಇನ್ನೊಂದರಾಗ ಸಪ್ಪಳ ಕಡಿಮಿ. ಹೊರಗ ಏನೇನದ ಅಂತ ನೀ ಹೇಳೋದು ಪೂರಾ ಕೇಳಸ್ತದ. ಅದೇ ಇರ್ಲಿ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕೆಂಪು ಕಾರಿನ ಕೀಲಿಯನ್ನು ತಮ್ಮನ ಕೈಗಿಟ್ಟರು. ಅವನು ಹೈದರಾಬಾದಿನ ದಾರಿ ಹಿಡಿದ. ದಂಪತಿಯ ಕಾರು ಬೀದರಿನ ಕಡೆ ತಿರುಗಿತು. ಆಕೆ ಆಗಲೇ ಏನೋ ಹೇಳುತ್ತಿದ್ದರು, ಅವರು ನಗುತ್ತಿದ್ದರು.

ಈಗ ನಾನು ನನ್ನ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ನಾರಾಯಣಖೇಡಕ್ಕೆ ಹೊರಟರೆ, ಅವಳ ಮಾತು ಕೇಳಿಸುವಷ್ಟು ನಿಧಾನವಾಗಿಯೇ ಹೋಗುತ್ತೇನೆ.