ಬಾಯಿಲ್ಲದವನ ಕೂಗು

ಮಗಳ ಲ್ಯಾಪ್‌ಟಾಪಿನ ಮೈ ಲೋಹದ್ದು. ಚಾರ್ಜಿಗೆ ಹಾಕಿದ್ದಾಗ ಅದರ ಅಂಚು ಮುಟ್ಟಿದರೆ ಬೆರಳ ತುದಿ ಸಣ್ಣಗೆ ಜುಮ್ಮೆನ್ನುತ್ತದೆ. "ಅದು ಹಾಗೇ ಅಪ್ಪ, ಎಲ್ಲರ ಮನೇಲೂ ಅಷ್ಟೆ, ಏನೂ ಆಗಲ್ಲ" ಎಂದು ಅವಳು ನಗುತ್ತಾಳೆ. ಕಳೆದ ತಿಂಗಳು ಮಂಡ್ಯದ ನಮ್ಮ ಮನೆಯಲ್ಲಿ ಹಾಗೆ ಜುಮ್ಮೆಂದ ಬೆರಳನ್ನು ಹಿಂದಕ್ಕೆಳೆದುಕೊಳ್ಳುವಾಗಲೇ ತೆರೆಯ ಮೇಲೆ ಆ ಮುಖ ಬಂತು. ಬಿಳಿ ಕೋಟಿನ ಡಾಕ್ಟರು. ಕಾಲೇಜಿನಲ್ಲಿ ಯಾರೋ ಹೇಳಿದರೆಂದು ಅವಳು ಹುಡುಕಿ ಹಾಕಿದ್ದ ಹಳೆಯ ಇಂಗ್ಲಿಷ್ ಚಿತ್ರ. "ಕ್ಲಾಸಿಕ್ ಅಂತೆ. ಮನುಷ್ಯನ ಮೈ ಕೆಡೋದನ್ನ ಇಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲವಂತೆ" ಎಂದಳು.

ನಾನು ಅದನ್ನು ಒಮ್ಮೆ ನೋಡಿದ್ದೆ. ಮಳವಳ್ಳಿಯಲ್ಲಿ, ಮುಕ್ಕಾಲು ಭಾಗ.

ಆಗ ನಾನು ಮಂಡ್ಯದಲ್ಲಿ ಬಿಎಸ್ಸಿ ಓದುತ್ತಿದ್ದೆ. ರಜೆ ಬಂದರೆ ಮಳವಳ್ಳಿಯ ಮನೆ. ಅಲ್ಲಿ ರೈಸ್ ಮಿಲ್ಲಿನ ಹಿಂದೆ ಶೀಟು ಹೊದಿಸಿದ ಒಂದು ಶೆಡ್ಡಿತ್ತು. ಒಳಗೆ ಎತ್ತರದ ಮೇಜಿನ ಮೇಲೆ ಕಲರ್ ಟಿ.ವಿ., ಕೆಳಗೆ ಕ್ಯಾಸೆಟ್ ಹಾಕುವ ಪೆಟ್ಟಿಗೆ, ಪಕ್ಕದಲ್ಲಿ ಮೈಕು. ಅದನ್ನು ನಡೆಸುತ್ತಿದ್ದವರನ್ನು ಊರೆಲ್ಲ ವಿಡಿಯೋ ಅಣ್ಣ ಎನ್ನುತ್ತಿತ್ತು. ಇಂಗ್ಲಿಷ್ ಚಿತ್ರ ಹಾಕಿದ ದಿನ ಅವರು ಟಿ.ವಿ. ಪಕ್ಕ ನಿಂತು, ಅದರ ಸದ್ದು ತಗ್ಗಿಸಿ, ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಗಂಡಿಗೆ ಗಂಡು ದನಿ, ಹೆಣ್ಣಿಗೆ ಹೆಣ್ಣು ದನಿ, ನಾಯಿ ಬಂದರೆ ಬೊಗಳು.

"ನಂಗೂ ಇಂಗ್ಲಿಸ್ ಬರಕಿಲ್ಲ, ನಿಮ್ಗೂ ಬರಕಿಲ್ಲ, ಇನ್ಯಾತರ ತಕರಾರು?" ಎಂದು ಶುರು ಮಾಡುತ್ತಿದ್ದರು. ಈ ಡಾಕ್ಟರನ ಮೈ ಕೆಡುವುದಕ್ಕೂ ಅವರೇ ಕಾರಣ ಕೊಟ್ಟಿದ್ದರು. "ಎತ್ತ ತಾಯ್ಗೆ ಅನ್ನ ಇಕ್ದೆ ವೋದೋನು ಕಣ್ರಪ್ಪಾ. ನೋಡ್ತಾ ಇರಿ, ಎಂಗೆ ಉದುರ್ತಾನೆ!"

ಅವರ ತಂದೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸದಲ್ಲಿದ್ದವರು. ದಿನಕ್ಕೆ ಎಷ್ಟೋ ಸಲ ಕರೆಂಟು ಹೋಗುತ್ತಿದ್ದ ಕಾಲ. ಚಿತ್ರದ ನಡುವೆ ಕತ್ತಲಾಗಿ ಜನ ಕೂಗಾಡಿದರೆ, "ನಮ್ಮಪ್ಪ ಕಳ್ಸಿದ್ ಕರೆಂಟು ಕಣ್ಲಾ, ದಾರೀಲೈತೆ, ಬತ್ತದೆ ಸುಮ್ಕಿರ್ರಿ" ಎಂದು ನಗಿಸುತ್ತಿದ್ದರು.

ಮೈಕನ್ನು ಅವರು ಎಂದೂ ಚಪ್ಪಲಿ ಮೆಟ್ಟಿಕೊಂಡು ಮುಟ್ಟಿದವರಲ್ಲ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಮೈಕಿಗೆ ಕೈಮುಗಿದು, ಆಮೇಲೆ ಹಿಡಿಯುತ್ತಿದ್ದರು. ಅನ್ನ ಕೊಡುವ ಸರಸ್ವತಿ ಎನ್ನುತ್ತಿದ್ದರು. ಶೆಡ್ಡಿನದು ಮಣ್ಣಿನ ನೆಲ. ಧೂಳೇಳಬಾರದೆಂದು ಪ್ರತಿ ಆಟಕ್ಕೆ ಮುಂಚೆ ಅವರ ಹೆಂಡತಿ ಬಕೆಟ್ಟಿನಿಂದ ನೀರು ಚಿಮುಕಿಸುತ್ತಿದ್ದರು. ಆಮೇಲೆ ಬಾಗಿಲಲ್ಲಿ ಕೂತು ಟಿಕೆಟ್ಟು ಹರಿದು ಜನರನ್ನು ಒಳಗೆ ಬಿಡುತ್ತಿದ್ದರು. ಬರಿಗಾಲು, ಒದ್ದೆ ನೆಲ, ತಗಡಿನ ಮೈಕು... ವಿಜ್ಞಾನ ಓದುತ್ತಿದ್ದ ನಾನು ಸೇರಿದಂತೆ ಯಾರ ತಲೆಗೂ ಇವು ಮೂರೂ ಒಟ್ಟಿಗೆ ಹೊಳೆದಿರಲಿಲ್ಲ.

ಅವತ್ತು ಮಧ್ಯಾಹ್ನದ ಆಟ. ಆ ಚಿತ್ರ ಊರಲ್ಲಿ ಹೆಸರು ಮಾಡಿ, ನೋಡಿದವರೇ ಮತ್ತೆ ಬಂದಿದ್ದರು. ನಾನು ಮುಂದಿನ ಸಾಲಿನಲ್ಲಿದ್ದೆ. ಡಾಕ್ಟರನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಕಿವಿ ಕರಗಿ ಕೆನ್ನೆಗೆ ಇಳಿಯಿತು. ಕೊನೆಗೆ ಎಲ್ಲರೂ ಕಾದಿದ್ದ ಜಾಗ ಬಂತು. ಮೇಲಿನ ತುಟಿ, ಕೆಳಗಿನ ತುಟಿ ಕೂಡಿಕೊಂಡು, ಮೇಲೆ ಚರ್ಮ ಬೆಳೆದು, ಬಾಯಿದ್ದ ಗುರುತೇ ಅಳಿಸಿಹೋಗುತ್ತದೆ. ಅಲ್ಲಿ ವಿಡಿಯೋ ಅಣ್ಣ ಕೂಗುತ್ತಿದ್ದ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು.

ಕೂಗು ಬಂತು. ಆದರೆ ಜನ ಹೇಳುತ್ತಿದ್ದ ಥರದ್ದಲ್ಲ. ಗಂಟಲಿನ ಆಳದಿಂದ, ತುಂಡು ತುಂಡಾಗಿ, ಅ... ಅ... ಅ... ಎಂದು. ಸ್ಪೀಕರಿನಲ್ಲಿ ಅದು ಶೆಡ್ಡಿನ ಶೀಟನ್ನೇ ನಡುಗಿಸಿತು. ಅವರ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತ್ತು, ಮೈಕು ಹಿಡಿದ ಕೈ ಎದೆಗೆ ಒತ್ತಿಕೊಂಡಿತ್ತು.

"ಲೇ, ಇವತ್ತು ಜೀವ ತುಂಬವ್ನೆ ಕಣ್ಲಾ!" ಎಂದ ನನ್ನ ಪಕ್ಕದವನು.

"ನೆನ್ನೆ ಇಷ್ಟು ಚೆಂದಾಗಿ ಕಿರುಚ್ನಿಲ್ಲ ಕಣ್ಲಾ ನನ್ಮಗ!" ಎಂದ ಹಿಂದಿನವನು.

ಚಪ್ಪಾಳೆ ಶುರುವಾಯಿತು. ಶಿಳ್ಳೆ. ಇಡೀ ಶೆಡ್ಡು ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಅಷ್ಟರಲ್ಲಿ ಟಿ.ವಿ.ಯಲ್ಲಿ ದೃಶ್ಯ ಬದಲಾಯಿತು. ಯಾರೋ ಹೆಂಗಸು ಪಾರ್ಕಿನಲ್ಲಿ ಕೂತು ಹಕ್ಕಿಗಳಿಗೆ ಕಾಳು ಎರಚುತ್ತಿದ್ದಳು. ಕೂಗು ಮಾತ್ರ ನಿಲ್ಲಲಿಲ್ಲ. ಜನ ಇದೂ ಒಂದು ತಮಾಷೆ ಎಂದುಕೊಂಡು ಇನ್ನೂ ಜೋರಾಗಿ ನಕ್ಕರು. "ಅಣ್ಣೋ, ಅಕ್ಕಿ ಕೂಗ್ತಾ ಐತಾ?" ಎಂದು ಒಬ್ಬ ಕೇಳಿದ.

ಬಾಗಿಲಲ್ಲಿದ್ದ ಹೆಂಡತಿ ಎದ್ದು ಬಂದರು. ಟಿ.ವಿ.ಗೆ ಅಡ್ಡವಾಗಿ ನುಗ್ಗಿದರು.

"ಏಯ್, ಕುಂತ್ಕಮ್ಮೀ! ಪಿಚ್ಚರ್ ಕಾಣಕಿಲ್ಲ!"

"ಗಂಡನ್ ಮೇಲೆ ಆಮ್ಯಾಕೆ ಪ್ರೀತಿ ಮಾಡೀವಂತೆ, ಸರ್ಕಂಡ್ ನಿಂತ್ಕೊ!"

ಯಾರೋ ಅವರ ಸೆರಗು ಹಿಡಿದೆಳೆದು ಕೂರಿಸಿದರು. ಅವರು ಬಿಡಿಸಿಕೊಂಡು ಎದ್ದರು. ಇನ್ನೊಬ್ಬ ಕಡಲೆಕಾಯಿ ಸಿಪ್ಪೆ ಎಸೆದ. "ಕರೆಂಟು ಕಣ್ರಪ್ಪೋ! ಅದು ಕರೆಂಟು!" ಎಂದು ಅವರು ಅರಚಿದ್ದು ಚಪ್ಪಾಳೆಯಲ್ಲಿ ಮುಳುಗಿತು. ನನಗೆ ಮಾತ್ರ ಕೇಳಿಸಿತು, ಹತ್ತಿರವಿದ್ದೆ. ಅವರು ಗಂಡನ ಭುಜ ಹಿಡಿದರು. ಅವರನ್ನು ಬಿಡಿಸಿ ಎಳೆಯಲು ನಾನು ಆಕೆಯ ತೋಳು ಹಿಡಿದೆ.

ಆ ಗಳಿಗೆ ಇಂದಿಗೂ ನನ್ನ ಮೈಯಲ್ಲಿದೆ. ಹಲ್ಲು ಕಚ್ಚಿಕೊಂಡವು. ಕೈ ಬಿಡಬೇಕೆಂದು ಗೊತ್ತಿತ್ತು, ಆದರೆ ಕೈ ನನ್ನದಾಗಿರಲಿಲ್ಲ. ಕಣ್ಣು ಕತ್ತಲಾಯಿತು. ಕಿವಿ ಮಾತ್ರ ಎಂದಿಗಿಂತ ಚುರುಕಾಗಿತ್ತು. ಒಬ್ಬೊಬ್ಬನ ಶಿಳ್ಳೆ, ಒಂದೊಂದು ಚಪ್ಪಾಳೆ, ಬೇರೆ ಬೇರೆಯಾಗಿ, ಸ್ಪಷ್ಟವಾಗಿ... ಆಮೇಲೆ ಯಾವುದೋ ಹೊಡೆತ ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಎಸೆಯಿತು.

ದಿನವೂ ಹೋಗುತ್ತಿದ್ದ ಕರೆಂಟು ಅವತ್ತು ಹೋಗಲಿಲ್ಲ.

ಕಡೆಗೆ ಯಾರೋ ಮೈಕಿನ ವೈರನ್ನು ಕಿತ್ತರು. ವಿಡಿಯೋ ಅಣ್ಣ ಮೈಕಿನ ಸಮೇತ ಬಿದ್ದರು. ಅದರಿಂದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅಂಗೈಯ ಚರ್ಮ ಮೈಕಿನಲ್ಲೇ ಉಳಿಯಿತು. ಮಿಲ್ಲಿನ ಟೆಂಪೋದಲ್ಲಿ ಆಸ್ಪತ್ರೆಗೆ ಸಾಗಿಸಿದಾಗ ಉಸಿರಿರಲಿಲ್ಲ. ಟಿ.ವಿ. ಹಾಗೇ ಓಡುತ್ತಿತ್ತು. ಟೆಂಪೋ ಹೊರಟ ಮೇಲೂ ಕೆಲವರು ಕೂತು ನೋಡುತ್ತಿದ್ದರು. "ನಾಳೆ ಇದೇ ಟಿಕೀಟಲ್ಲಿ ಬುಡ್ತೀರಾ?" ಎಂದು ಒಬ್ಬ ನನ್ನನ್ನೇ ಕೇಳಿದ.

ತಿಥಿಯ ಹೊತ್ತಿಗೆ ಊರು ತೀರ್ಮಾನ ಮಾಡಿತ್ತು. "ನೀರ್ ಉಯ್ದು ಕೊಂದ್ಲು" ಎಂದರು. ಅವತ್ತು ಅವರ ಹೆಂಡತಿಯ ಸೆರಗು ಎಳೆದು ಕೂರಿಸಿದ್ದವರೇ ಅಂಗಡಿ ಕಟ್ಟೆಯ ಮೇಲೆ ಕೂತು ಹಾಗೆಂದರು. ಆಕೆ ಮದ್ದೂರಿನ ಹತ್ತಿರ ಬೆಸಗರಹಳ್ಳಿಯಲ್ಲಿದ್ದ ಅಣ್ಣನ ಮನೆ ಸೇರಿದರು. ಅಲ್ಲಿಗೂ ಆ ಮಾತು ಬಸ್ಸು ಹತ್ತಿ ಹೋಗಿತ್ತು.

ಮಗಳ ಪಕ್ಕ ಕೂತು ನಾನು ಚಿತ್ರವನ್ನು ಪೂರ್ತಿ ನೋಡಿದೆ. ಅದರಲ್ಲಿ ತಾಯಿಯೇ ಇಲ್ಲ. ಡಾಕ್ಟರು ಪಾಪದವನು, ಯಾರಿಗೂ ಅನ್ನ ತಪ್ಪಿಸಿದವನಲ್ಲ. ತುಟಿಗಳು ಕೂಡಿಕೊಳ್ಳುವ ಜಾಗ ಬಂದಾಗ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಕೂಗು ಬರಲೇ ಇಲ್ಲ. ಚಿತ್ರದೊಳಗಿನ ಗಡಿಯಾರದ ಸದ್ದು ಬಿಟ್ಟರೆ ಬರೀ ಮೌನ. ಬಾಯಿಯೇ ಇಲ್ಲದವನು ಹೇಗೆ ಕೂಗಿಯಾನು? ದಿನವೂ ಆ ಜಾಗದಲ್ಲಿ ಕೂಗಿದವರು ವಿಡಿಯೋ ಅಣ್ಣ ಒಬ್ಬರೇ. ಬಾಯಿಲ್ಲದ ಮುಖ ನೋಡುತ್ತ, ಅದರ ಕೂಗು ಕೇಳುತ್ತ, ಅಷ್ಟು ಜನರಲ್ಲಿ ಒಬ್ಬನಿಗೂ ಇದೇನು ಎನಿಸಿರಲಿಲ್ಲ.

"ಯಾಕಪ್ಪಾ ಬೆವರ್ತಿದ್ದೀಯ? ಇದೇನು ಅಷ್ಟು ಭಯ ಇಲ್ಲವಲ್ಲ" ಎಂದಳು ಮಗಳು.

ಭಾನುವಾರ ಬೆಸಗರಹಳ್ಳಿಗೆ ಹೋದೆ. ಆಕೆಗೆ ಈಗ ತಲೆಯೆಲ್ಲ ನರೆತಿದೆ. ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದಾಗ ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದರು.

"ಅಕ್ಕ, ಆ ಪಿಕ್ಚರು ಮತ್ತೆ ನೋಡಿದೆ. ಅಲ್ಲಿ ಕೂಗೇ ಇಲ್ಲ. ದಿನಾ ಕೂಗ್ತಿದ್ದದ್ದು ಅಣ್ಣನೇ. ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ. ನಿಮಗೊಬ್ಬರಿಗೇ ಗೊತ್ತಾಗಿದ್ದು. ನಿಮ್ಮ ತಪ್ಪಿಲ್ಲ."

"ನೀರ್ ಉಯ್ದೋಳು ನಾನೇ ಕಣಪ್ಪ" ಎಂದರು. "ಅದ್ನ ನಿನ್ ಪಿಚ್ಚರ್ ತೊಳ್ಯಕಿಲ್ಲ, ಬುಡು."

ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. "ಒಂದ್ ಕೇಳ್ತೀನಿ. ನಿಂಗೂ ಅವತ್ತು ಕರೆಂಟು ಇಡ್ಕಂತಲ್ಲ. ನಂಗೆ ಏನೂ ಗ್ಯಾನ ಇರ್ನಿಲ್ಲ. ಅದು ಇಡ್ಕಂಡಾಗ ಕಿವಿ ಕೇಳ್ತದಾ?"

ಆ ನಗು, ಆ ಶಿಳ್ಳೆ, ಅದರ ನಡುವೆ ಸಾಯುತ್ತಿದ್ದ ಮನುಷ್ಯ... ಆಕೆ ಇಷ್ಟು ವರ್ಷ ಅದನ್ನೇ ನೆನೆದು ಬೆಂದಿದ್ದಾರೆ ಎಂದುಕೊಂಡೆ. "ಇಲ್ಲಕ್ಕ. ಏನೂ ಕೇಳಿಸಲ್ಲ. ಎಲ್ಲಾ ಕತ್ತಲೆ" ಎಂದೆ.

ಆಕೆಯ ಮುಖ ಇಳಿದುಹೋಯಿತು.

"ಅಯ್ಯೋ... ಅಷ್ಟು ಚಪ್ಪಾಳೆ ಅವ್ರಿಗೆ ಯಾವತ್ತೂ ಬಿದ್ದಿರ್ನಿಲ್ಲ ಕಣಪ್ಪ. ಎಲ್ಲಾ ಎದ್ದು ನಿಂತ್ಕಂಡ್ ಒಡುದ್ರು. ಅದೊಂದಾದ್ರೂ ಕೇಳುಸ್ಕಂಡ್ ವೋದ್ರು ಅಂದ್ಕಂಡಿದ್ದೆ."

"ಕೇಳಿಸುತ್ತಕ್ಕ" ಎಂದೆ. "ಎಲ್ಲಾ ಕೇಳಿಸುತ್ತೆ. ನಾನು ಸುಳ್ಳು ಹೇಳಿದೆ. ಒಂದೊಂದು ಚಪ್ಪಾಳೆಯೂ ಕೇಳಿಸುತ್ತೆ."

"ಬುಡಪ್ಪ, ಸಮಾದಾನಕ್ಕೆ ಏಳ್ಬ್ಯಾಡ" ಎಂದು ಆಕೆ ಮೊರ ಎತ್ತಿಕೊಂಡರು.