ಹೊರಗೆ ನಿಂತು ಗೆಲ್ಲಿಸಿದ ರತ್ನಾವತಿ

ಅಮೆರಿಕದ ಫುಟ್‌ಬಾಲ್ ರತ್ನಾವತಿಗೆ ಇವತ್ತಿಗೂ ತಲೆಗೆ ಹತ್ತಿಲ್ಲ. ಹೆಸರಿಗೆ ಕಾಲಿನ ಆಟ, ಆಡುವುದೆಲ್ಲ ಕೈಯಲ್ಲಿ. ಒಂದಿಷ್ಟು ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಎದ್ದು ಮತ್ತೆ ಸಭೆ ಸೇರುತ್ತಾರೆ. ಆದರೂ ಮಾರ್ಗನ್ ಹಿಲ್‌ನ ಅವರ ಮನೆಯಲ್ಲಿ ಡಿಸೆಂಬರ್ ಕೊನೆಗೆ ಹಳೆಯ ಬೌಲ್ ಗೇಮಿನ ರೆಕಾರ್ಡಿಂಗ್ ಹಾಕಿದರೆ, ಅವಳು ಗೋಳಿಬಜೆ ಕರಿದು ತಂದು ಎಲ್ಲರ ಜೊತೆ ಕೂರುತ್ತಾಳೆ. ಸೀಸನ್ನಿನಲ್ಲಿ ಚೆನ್ನಾಗಿ ಆಡಿದ ಕಾಲೇಜುಗಳಿಗೆ ಕೊನೆಯಲ್ಲಿ ಸಿಗುವ ದೊಡ್ಡ ಪಂದ್ಯ ಅದು. ರೆಕಾರ್ಡಿಂಗಿನಲ್ಲಿ ಆಡುವುದು ಮಗ ಅಕ್ಷಯನ ಕಾಲೇಜಿನ ತಂಡ. ಅವನು ಅದರಲ್ಲಿ ಆಡಿದವನೇನಲ್ಲ, ಕಾಲೇಜಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವನು.

ಮದುವೆಯಾಗಿ ಉಡುಪಿಯಿಂದ ಅಮೆರಿಕಕ್ಕೆ ಬಂದ ರತ್ನಾವತಿ ಡೇಕೇರ್ ಒಂದರಲ್ಲಿ ಕೆಲಸಕ್ಕೆ ಸೇರಿದಳು. ಊರವರ ಮಕ್ಕಳನ್ನೆಲ್ಲ ತಟ್ಟಿ ಮಲಗಿಸಿ ಮನೆಗೆ ಬಂದರೆ ತನ್ನ ಮಗ ಇಡ್ಲಿ ಪಾತ್ರೆ ಬೋರಲು ಹಾಕಿಕೊಂಡು ಸೌಟಿನಲ್ಲಿ ಬಾರಿಸುತ್ತಿದ್ದ. ಬೈದರೂ ಒಳಗೊಳಗೆ ಖುಷಿ. ಡ್ರಮ್ ಕ್ಲಾಸಿಗೆ ಅವಳೇ ಬಿಟ್ಟು, ಕಾರಿನ ಕಿಟಕಿ ಇಳಿಸಿ ಹೊರಗಿನಿಂದಲೇ ಕೇಳುತ್ತಿದ್ದಳು. ಕಾಲೇಜು ದೂರದ ಊರಿನಲ್ಲಿ ಸಿಕ್ಕಿತು, ಡೇಕೇರಿನಲ್ಲಿ ರಜೆ ಸಿಗಲಿಲ್ಲ. ಅವನು ಬ್ಯಾಂಡಿನ ಜೊತೆ ಮೈದಾನಕ್ಕೆ ಇಳಿದದ್ದನ್ನು ಅವಳು ನೋಡಿಯೇ ಇರಲಿಲ್ಲ.

ಕೊನೆಯ ವರ್ಷ ದೇವರು ಕಣ್ಣು ಬಿಟ್ಟ. ಬೌಲ್ ಗೇಮ್ ಮನೆಯ ಹತ್ತಿರ, ಸಾಂಟಾ ಕ್ಲಾರಾದಲ್ಲೇ ಬಂತು. ಆಟದ ನಡುವಿನ ವಿರಾಮದಲ್ಲಿ ಅಕ್ಷಯ್ ಒಬ್ಬನೇ ಮುಂದೆ ಬಂದು ಬಾರಿಸುವುದು ಅಂತ ಗೊತ್ತಾಯಿತು. ರತ್ನಾವತಿ ರೇಷ್ಮೆ ಸೀರೆಯ ಮೇಲೆ ಕಾಲೇಜಿನ ಜಾಕೆಟ್ ಹಾಕಿಕೊಂಡು ಹೊರಟಳು.

ಕೆಲಸ ಕೆಟ್ಟದ್ದು ಗಂಡನಿಂದ. ವೈಕುಂಠ ರಾಯರು ಚಿಪ್ ಕಂಪನಿಯಲ್ಲಿ ದೊಡ್ಡ ಎಂಜಿನಿಯರು, ಮನುಷ್ಯ ಮಾತ್ರ ಹಾಸ್ಟೆಲಿನ ರೇಡಿಯೊ ಮುಂದೆ ಕ್ರಿಕೆಟ್ ಕೇಳಿ ಬೆಳೆದವರು. ನಮ್ಮವರು ಚೆನ್ನಾಗಿ ಆಡುತ್ತಿದ್ದಾಗ ಕೂತವರು ಏಳಬಾರದು, ಎದ್ದವರು ಕೂರಬಾರದು, ಇಲ್ಲದಿದ್ದರೆ ವಿಕೆಟ್ ಬೀಳುತ್ತದೆ ಎಂಬ ಶಾಸ್ತ್ರ ಅವರದು. ಅವತ್ತು ರತ್ನಾವತಿ ಕಾಫಿಗೆಂದು ಹೊರಗೆ ಹೋದಾಗ ಮಗನ ಕಾಲೇಜಿಗೆ ಅಂಕ ಬಂತು. ವಾಪಸು ಬಂದು ಕೂತಳು, ಎದುರಿನವರು ಅಂಕ ಹೊಡೆದರು. ಬಾತ್‌ರೂಮಿಗೆ ಹೋದಳು, ಮತ್ತೆ ಇವರಿಗೆ ಅಂಕ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ. ರಾಯರು ಮೆಟ್ಟಿಲ ಬಾಯಲ್ಲೇ ಅವಳನ್ನು ತಡೆದರು.

"ನೀನು ಒಳಗೆ ಬರಬೇಡ ಮಾರಾಯ್ತಿ. ಅಲ್ಲೇ ತಿಂಡಿ ಕೌಂಟರಿನ ಹತ್ತಿರ ನಿಲ್ಲು."

"ಬ್ಯಾಂಡು?"

"ಶುರುವಾಗುವಾಗ ಫೋನ್ ಮಾಡ್ತೇನೆ."

ನಿಂತಳು. ಮಗನ ಕಾಲೇಜು ಗೆಲ್ಲಲಿ ಎಂದು ಅವಳಿಗೂ ಆಸೆ ಇತ್ತಲ್ಲ. ಆದರೆ ಜನ ತುಂಬಿದ ಸ್ಟೇಡಿಯಮ್ಮಿನಲ್ಲಿ ಫೋನು ಹತ್ತಲೇ ಇಲ್ಲ. ಗೋಡೆಯಾಚೆಯಿಂದ ಡ್ರಮ್ಮಿನ ಸದ್ದು ಕೇಳಿದ್ದೇ ಓಡಿದಳು. ವಿರಾಮ ಅಂದರೆ ಜನ ತಿಂಡಿಗೆ ನುಗ್ಗುವ ಹೊತ್ತು. ಎದುರಿಗೆ ಬರುವ ಜಾತ್ರೆಯನ್ನು ಸೀಳಿಕೊಂಡು ಮೇಲೆ ಹತ್ತುವಷ್ಟರಲ್ಲಿ ಬ್ಯಾಂಡು ಬೆನ್ನು ತಿರುಗಿಸಿ ಹೊರಟಿತ್ತು. ರಾಯರು ಇನ್ನೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದರು, ಹಾಗಾಗಿ ವಿಡಿಯೊ ಕೂಡ ಆಗಲಿಲ್ಲ.

ಕಾಲೇಜು ಗೆದ್ದಿತು. ಬೆವರು ಸುರಿಸಿಕೊಂಡು ಓಡಿ ಬಂದ ಅಕ್ಷಯ್ ಕೇಳಿದ, "ಅಮ್ಮ, ನೋಡಿದ್ಯಾ?"

"ನೋಡದೆ ಮತ್ತೆ, ಮಗಾ," ಎಂದಳು. ಆ ಮುಖ ನೋಡಿ ಬೇರೆ ಏನು ಹೇಳಲಿಕ್ಕಾಗುತ್ತದೆ.

ಅಂದಿನಿಂದ ವರ್ಷ ವರ್ಷವೂ ರೆಕಾರ್ಡಿಂಗ್ ನೋಡುತ್ತಾರೆ. ವಿರಾಮ ಬಂದ ಕೂಡಲೇ ಟೀವಿಯವರು ಬ್ಯಾಂಡನ್ನು ಬಿಟ್ಟು ಕೋಟು ಹಾಕಿಕೊಂಡವರ ಹರಟೆ ತೋರಿಸುತ್ತಾರೆ. ಆ ಹೊತ್ತಿಗೆ ರತ್ನಾವತಿ ಅಡಿಗೆಮನೆಗೆ ಎದ್ದು ಹೋಗುತ್ತಾಳೆ. ಯಾರೂ ಗಮನಿಸಿಲ್ಲ.

ಈ ಡಿಸೆಂಬರಿನಲ್ಲಿ ಅಕ್ಷಯ್ ಗರಾಜಿನಲ್ಲಿದ್ದ ಹಳೇ ಡ್ರಮ್ಮನ್ನು ಕಾರಿಗೆ ಹೇರಲು ಬಂದ. ಇಲ್ಲಿನ ಶಾಲೆಯೊಂದಕ್ಕೆ ಕೊಡುವುದೆಂದು ಮಾತಾಗಿತ್ತು. ಡ್ರಮ್ಮಿನ ಧೂಳು ಒರೆಸುತ್ತಿದ್ದ ರತ್ನಾವತಿಗೆ, ಇದು ಹೋದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿತು.

"ಅವತ್ತಿನದ್ದು ಒಮ್ಮೆ ಬಾರಿಸು."

"ಯಾಕಮ್ಮ? ಯು ಸಾ ಇಟ್ ಲೈವ್."

"ನೋಡ್ಲಿಲ್ಲ. ನಿನ್ನಪ್ಪ ನನ್ನನ್ನು ಹೊರಗೆ ನಿಲ್ಲಿಸಿದ್ರು."

ಅವಳು ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು. ಡ್ರಮ್ಮಿನ ಪಟ್ಟಿಯನ್ನು ಹೆಗಲಿಗೇರಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತ. ರತ್ನಾವತಿ ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಮಡಚುವ ಕುರ್ಚಿ ಬಿಡಿಸಿ ಕೂತಳು. ಕೈಗಳು ಮೆಲ್ಲಗೆ ಶುರುಮಾಡಿ ವೇಗ ಹಿಡಿದವು. ಅಷ್ಟರಲ್ಲಿ ಏನು ಗಲಾಟೆ ಎಂದು ವೈಕುಂಠ ರಾಯರು ಬಾಗಿಲು ತೆರೆದು ಇಣುಕಿದರು. ಅಕ್ಷಯನ ಕೋಲು ತಪ್ಪಿತು.

"ನೀವು ಒಳಗೇ ನಿಲ್ಲಿ," ಎಂದಳು ರತ್ನಾವತಿ. "ನೀವು ಬಂದ ಕೂಡಲೇ ತಪ್ಪಿತು."

ಶಾಸ್ತ್ರ ಅವರದೇ ತಾನೆ. ರಾಯರು ಬಾಗಿಲು ಮುಚ್ಚಿಕೊಂಡು ಒಳಗೆ ಹೋದರು. ಅಕ್ಷಯ್ ನಗುತ್ತ ಮೊದಲಿನಿಂದ ಶುರುಮಾಡಿದ. ಈ ಸಲ ಎಲ್ಲೂ ನಿಲ್ಲಲಿಲ್ಲ. ತುಟಿ ಕಚ್ಚಿಕೊಂಡು ಬಾರಿಸುವ ಅವನ ಮುಖವನ್ನು ರತ್ನಾವತಿ ಕಣ್ಣು ಮಿಟುಕಿಸದೆ ನೋಡಿದಳು. ಇಡ್ಲಿ ಪಾತ್ರೆಯ ಮುಂದೆ ಕೂತಿದ್ದ ಮುಖವೇ ಅದು.

ಸದ್ದು ನಿಂತಿತು. ಒಳಗಿನಿಂದ ರಾಯರು ಕೇಳಿದರು, "ಮುಗೀತಾ? ಬರ್ಲಾ?"

ರತ್ನಾವತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಇಲ್ಲ, ಅಲ್ಲೇ ನಿಲ್ಲಿ," ಎಂದಳು. "ಅವ ಇನ್ನೊಮ್ಮೆ ಬಾರಿಸ್ತಾನೆ."