ಏನೂ ಇಲ್ಲದ್ದಕ್ಕೆ ಪರೀಕ್ಷೆ

ಮೈಯಲ್ಲಿ ಯಾವ ತೊಂದರೆಯೂ ಇಲ್ಲದೆ ಡಾಕ್ಟರ ಬಳಿ ಹೋಗುವವರನ್ನು ಕಂಡರೆ ನನಗೆ ಅನುಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೇಜು ಗುದ್ದಿ ಬೆಳೆದವಳು ನಾನು. ಆರೋಪವೇ ಇಲ್ಲದ ವಿಚಾರಣೆಯನ್ನು ಹೇಗೆ ಒಪ್ಪಲಿ? ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿರುವ ವಸಂತಾ ಆಂಟಿಯದೂ ಇದೇ ವಾದ. "ಸುಮ್ನಿರೋರನ್ನ ಕರೆದು ಕೂರಿಸ್ಕೊಂಡು, ಇಲ್ದೇ ಇರೋದನ್ನೆಲ್ಲ ಹುಡುಕಿ ತೆಗೀತಾರಮ್ಮ" ಎನ್ನುತ್ತಾರೆ. ಸಾರಿನ ಉಪ್ಪು, ದೇವರು, ನನ್ನ ಮದುವೆ, ಯಾವುದರಲ್ಲೂ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಇದೊಂದರಲ್ಲಿ ಇತ್ತು.

ಅದನ್ನು ಕೆಡಿಸಿದವಳು ವಂಜಿರು. ಕೀನ್ಯಾದವಳು, ಮೋರ್ಲಿ ಬಡಾವಣೆಯ ಬಟ್ಟೆ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಾಳೆ. ಬೆಂಗಳೂರಿನಲ್ಲಿ ಬಿ.ಕಾಂ. ಓದುವಾಗ ಆಟೋದವರ ಜೊತೆ ಜಗಳವಾಡಿ ಕನ್ನಡ ಕಲಿತಿದ್ದರಿಂದ, ಅವಳ ಮಾತಿನಲ್ಲಿ ಈಗಲೂ ಮೀಟರಿನ ಮೇಲೆ ಅರ್ಧದಷ್ಟು ಬಿಸಿ ಜಾಸ್ತಿ.

ಮೂವತ್ತಾರರ ವಂಜಿರು ಸ್ತನದ ಸ್ಕ್ಯಾನ್ ಮಾಡಿಸಬೇಕೆಂದು ಹಟ ಹಿಡಿದಳು. ಗಂಟಿಲ್ಲ, ನೋವಿಲ್ಲ. ಆದರೆ ಅವಳ ಅಮ್ಮ ಸ್ತನ ಕ್ಯಾನ್ಸರಿನಲ್ಲೇ ಹೋದರು, ಅಡಿಲೇಡಿನ ಅಕ್ಕನಿಗೆ ನಲವತ್ತಕ್ಕೆ ಮೊದಲೇ ಅದು ಬಂತು. ಇಲ್ಲಿ ಸರಕಾರದ ಉಚಿತ ತಪಾಸಣೆ ಶುರುವಾಗುವುದೇ ನಲವತ್ತಕ್ಕೆ. ಡಾಕ್ಟರು ಹಾಗೆಂದು ಒಮ್ಮೆ ವಾಪಸು ಕಳಿಸಿದ್ದರು. ಅವರು ಮನೆಯವರ ವಿಷಯ ಕೇಳಲಿಲ್ಲ, ಇವಳು ಹೇಳಲಿಲ್ಲ. ನಮ್ಮ ಮನೆಗಳಂತೆ ಅವರಲ್ಲೂ ಆ ರೋಗದ ಹೆಸರನ್ನು ಹೊರಗಿನವರ ಮುಂದೆ ಆಡುವಂತಿಲ್ಲ.

ಎರಡನೆಯ ಸಲ ನನ್ನನ್ನೂ ಎಳೆದುಕೊಂಡು ಹೊರಟಳು. ಬಸ್ಸಿನಲ್ಲಿ ನಾನು ವಾದ ಹೂಡಿದೆ: ವಯಸ್ಸಿನ ನಿಯಮ ಸುಮ್ಮನೆ ಹುಟ್ಟಿದ್ದಲ್ಲ, ಸಾವಿರಾರು ಹೆಂಗಸರನ್ನು ನೋಡಿ ಮಾಡಿದ್ದು, ಬೇಡದ ಪರೀಕ್ಷೆಯಿಂದ ಬೇಡದ ಭಯ, ಬೇಡದ ಸೂಜಿ.

"ಸರಿ ಮಗಾ. ಆ ಸಾವಿರದಲ್ಲಿ ನನ್ ಥರ ಕಪ್ಪು ಹೆಂಗಸ್ರು ಎಷ್ಟ್ ಜನ ಇದ್ರು?"

ಉತ್ತರ ಗೊತ್ತಿಲ್ಲದಾಗ ದನಿ ಏರಿಸುವುದು ನನ್ನ ಅಭ್ಯಾಸ. ಬಸ್ಸಿನಲ್ಲಿ ಅದು ಕಷ್ಟ. ಫೋನಿನಲ್ಲಿ ಹುಡುಕಿದೆ. ಕಪ್ಪು ಹೆಂಗಸರಿಗೆ ಈ ರೋಗ ಚಿಕ್ಕ ವಯಸ್ಸಿಗೇ, ಉಗ್ರವಾಗಿಯೇ ಬರುವುದುಂಟು ಎಂದಿತ್ತು. ಆದರೆ ನನಗೆ ಸಿಕ್ಕಿದ್ದೆಲ್ಲ ಅಮೆರಿಕದ ಲೆಕ್ಕ. ಈ ದೇಶದ ಲೆಕ್ಕದಲ್ಲಿ ವಂಜಿರುವಿನಂಥವರು ಬೇರೆಯಾಗಿ ಕಾಣಲೇ ಇಲ್ಲ. ಎಣಿಕೆಗೇ ಸಿಗದವಳಿಗೆ ಅಂಕಿಅಂಶ ತೋರಿಸಿ ಸುಮ್ಮನಿರಿಸಲು ಹೊರಟಿದ್ದೆ.

ಡಾಕ್ಟರು ಈ ಸಲವೂ "ನಲವತ್ತಾಗಲಿ" ಎಂದೇ ಆರಂಭಿಸಿದರು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ವಂಜಿರು, ನೆಲ ನೋಡುತ್ತ, ಅಮ್ಮನ ವಿಷಯ ಹೇಳಿದಳು. ಆಮೇಲೆ ತಲೆಯೆತ್ತಿ ಅಕ್ಕನದನ್ನು. ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಯಾರಿಗೆ ಯಾವ ವಯಸ್ಸಿಗೆ ಎಂದು ನಿಧಾನವಾಗಿ ಕೇಳಿ, ಆಗಲೇ ಸ್ಕ್ಯಾನಿಗೆ ಬರೆದುಕೊಟ್ಟರು. ನನ್ನ ಗಂಟಲು ಸುಮ್ಮನೆ ಸರಿಯಾಗಿತ್ತು, ಅಷ್ಟೆ.

ಫಲಿತಾಂಶ ಬರುವವರೆಗೆ ವಂಜಿರು ಅಂಗಡಿಯಲ್ಲಿ ಮಡಚಿದ ಅಂಗಿಗಳನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದಳು. ಕೊನೆಗೆ ಫೋನು ಬಂತು. ಏನೂ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ಅವಳು ಅಂಗಿಗಳ ರಾಶಿಯ ಮೇಲೆ ತಲೆಯಿಟ್ಟು ಅತ್ತಳು.

ನನ್ನ ಬಾಯಿ ಕೇಳಬೇಕಲ್ಲ. "ಏನೂ ಇಲ್ಲ ಅಂತ ನಾನ್ ಮೊದ್ಲೇ ಹೇಳಿರ್ಲಿಲ್ವಾ?"

"ನೀನ್ ನೋಡ್ದೇನೇ ಹೇಳಿದ್ದು ಮಗಾ," ಎಂದಳು ಮೂಗೊರೆಸಿಕೊಂಡು. "ಅವ್ರು ನೋಡಿ ಹೇಳಿದ್ರು."

ಮುಂದಿನ ವರ್ಷವೂ ಜೊತೆಗೆ ಬರಬೇಕಂತೆ. ಹೋಗುತ್ತೇನೆ. ಒಬ್ಬರ ಪಕ್ಕದಲ್ಲಿ ಬಾಯಿಮುಚ್ಚಿಕೊಂಡು ಕೂರುವುದಕ್ಕೂ ತಯಾರಿ ಬೇಕು. ಒಂದು ವರ್ಷ ಸಾಕಾಗಬಹುದು.